ಓದುಗರ ಪ್ರಶ್ನೆ: ಕೂಲೆಂಟ್ ಸೆನ್ಸರನ್ನು ಎಲ್ಲಿ ಕೂರಿಸಬೇಕು?

ಪ್ರಶ್ನೆ: ನನ್ನ ಕಾರು ಹಳೆಯದು. ಎಂಜಿನ್ ಕಾದ ಮೇಲೆ ಅದರ ತಾಪಮಾನದ ಮುಳ್ಳು ಮಧ್ಯಕ್ಕೆ ಬಂದು ನಿಂತರೆ ಮತ್ತೆ ಕದಲುವುದೇ ಇಲ್ಲ. ಏರುರಸ್ತೆಯಲ್ಲೂ ಅಷ್ಟೇ, ಇಳಿಜಾರಿನಲ್ಲೂ ಅಷ್ಟೇ. ಆದ್ದರಿಂದ ಡಿಗ್ರಿಗಳಲ್ಲಿ ತೋರಿಸುವ ಬೇರೊಂದು ಗೇಜನ್ನು, ಅದರ ಸೆನ್ಸರ್ ಸಮೇತ, ಕೊಂಡಿದ್ದೇನೆ. ರೇಡಿಯೇಟರಿನ ಮೇಲಿನ ಹೋಸನ್ನು ಕತ್ತರಿಸಿ ನಡುವೆ ಅಡಾಪ್ಟರ್ ಹಾಕಿ ಅದರಲ್ಲಿ ಸೆನ್ಸರ್ ಕೂರಿಸೋಣ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಕೆಳಗಿನ ಹೋಸೇ ಸರಿ ಎಂದು ಸ್ನೇಹಿತರೊಬ್ಬರ ವಾದ. ಇವೆರಡೂ ಬೇಡವೆಂದರೆ, ಈಗಾಗಲೇ ಇರುವ ಸೆನ್ಸರಿನ ವೈರಿನಿಂದಲೇ ಹೊಸ ಗೇಜಿಗೆ ಸಂಪರ್ಕ ಕೊಡಬಹುದೇ?

ಉತ್ತರ: ಮೊದಲು ಆ ಕದಲದ ಮುಳ್ಳಿನ ಬಗ್ಗೆ ಒಂದು ಮಾತು. ಅದು ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಅನೇಕ ಕಾರುಗಳಲ್ಲಿ ನೀರು (ಎಂಜಿನ್ನನ್ನು ತಣಿಸುವ ದ್ರವ, ಅಂದರೆ ಕೂಲೆಂಟ್) ಸುಮಾರು 75ರಿಂದ 105 ಡಿಗ್ರಿ ಸೆಲ್ಸಿಯಸ್‌ವರೆಗೆ ಎಲ್ಲಿದ್ದರೂ ಮುಳ್ಳು ನಟ್ಟನಡುವೆಯೇ ನಿಲ್ಲುವಂತೆ ತಯಾರಕರೇ ಹೊಂದಿಸಿರುತ್ತಾರೆ. ಮುಳ್ಳು ಕೂದಲೆಳೆಯಷ್ಟು ಅಲುಗಿದರೂ ಗಾಬರಿಯಾಗಿ ಗ್ಯಾರೇಜಿಗೆ ಓಡಿ ಬರುವವರನ್ನು ಸಮಾಧಾನಪಡಿಸುವ ಉಪಾಯವಿದು. ನಿಮಗೆ ಡಿಗ್ರಿಗಳೇ ಬೇಕೆನಿಸಿದ್ದು ನ್ಯಾಯವಾಗಿದೆ. ಆದರೆ ಡಿಗ್ರಿ ತೋರಿಸುವ ಗೇಜು ಕೂಡ ಸೆನ್ಸರಿನ ತುದಿ ಎಲ್ಲಿದೆಯೋ ಅಲ್ಲಿನ ಬಿಸಿಯನ್ನಷ್ಟೇ ಹೇಳಬಲ್ಲದು.

ನೀರು ಹೋಗುವ ದಾರಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ವಾಟರ್ ಪಂಪ್ ತಣಿದ ನೀರನ್ನು ಎಂಜಿನ್ ಬ್ಲಾಕಿಗೆ ನೂಕುತ್ತದೆ. ಅಲ್ಲಿಂದ ಅದು ಸಿಲಿಂಡರ್ ಹೆಡ್ಡಿಗೆ ಏರಿ, ದಹನಕೋಣೆಗಳ ಮತ್ತು ಎಕ್ಸಾಸ್ಟ್ ವಾಲ್ವುಗಳ ಸುತ್ತ ಹರಿದು, ಇಡೀ ಪ್ರಯಾಣದಲ್ಲೇ ಅತಿ ಹೆಚ್ಚು ಕಾದ ಸ್ಥಿತಿಯಲ್ಲಿ ಹೆಡ್ಡಿನ ಹೊರಬಾಯಿಗೆ ಬರುತ್ತದೆ. ಬಹುಪಾಲು ಹಳೆಯ ಎಂಜಿನ್‌ಗಳಲ್ಲಿ ರೇಡಿಯೇಟರಿನ ಕಡೆಗಿನ ಹರಿವನ್ನು ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ವಾಲ್ವಾದ ಥರ್ಮೋಸ್ಟಾಟ್ ಇರುವುದು ಅಲ್ಲಿಯೇ. ಅದು ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಲು ಆರಂಭಿಸುತ್ತದೆ. ಅಲ್ಲಿಯವರೆಗೆ ನೀರು ಬೈಪಾಸ್ ದಾರಿಯಿಂದ ಪಂಪಿಗೇ ಮರಳುತ್ತಿರುತ್ತದೆ, ರೇಡಿಯೇಟರಿನ ಕಡೆಗೆ ಹೋಗುವುದಿಲ್ಲ. ಎಂಜಿನ್ನಿನ ಬಿಸಿಯನ್ನು ತಿಳಿಯಬೇಕಾದ ಸೆನ್ಸರಿಗೆ ಸರಿಯಾದ ಜಾಗವೆಂದರೆ ಹೆಡ್ಡಿನಿಂದ ಹೊರಬರುವ ನೀರಿನಲ್ಲಿ, ಥರ್ಮೋಸ್ಟಾಟಿಗಿಂತ ಮೊದಲು, ಅಂದರೆ ಎಂಜಿನ್ನಿನ ಬದಿಗೆ. ಥರ್ಮೋಸ್ಟಾಟ್ ಮುಚ್ಚಿರಲಿ, ತೆರೆದಿರಲಿ, ಅಲ್ಲಿ ಬಿಸಿನೀರು ಹರಿಯುತ್ತಲೇ ಇರುತ್ತದೆ.

ನಿಮ್ಮ ಮೆಕ್ಯಾನಿಕ್ ಸೂಚಿಸಿದ ಮೇಲಿನ ಹೋಸು ಥರ್ಮೋಸ್ಟಾಟಿನ ಆಚೆಗಿದೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿ, ಫ್ಯಾನಿಗೆ ಕೈ ತಾಗದಂತೆ ಎಚ್ಚರ ವಹಿಸಿ, ಆ ಹೋಸನ್ನು ಆಗಾಗ ಮುಟ್ಟಿ ನೋಡಿ. ಕೆಲವು ನಿಮಿಷಗಳವರೆಗೆ ಅದು ಹೆಚ್ಚುಕಡಿಮೆ ತಣ್ಣಗೇ ಇರುತ್ತದೆ. ಆಮೇಲೆ ಒಮ್ಮೆಲೇ, ಕೈ ಇಟ್ಟುಕೊಂಡಿರಲು ಆಗದಷ್ಟು ಕಾಯುತ್ತದೆ. ಥರ್ಮೋಸ್ಟಾಟ್ ತೆರೆದುಕೊಂಡ ಗಳಿಗೆ ಅದು. ಅಲ್ಲಿ ಕೂತ ಸೆನ್ಸರಿಗೆ ಆ ಗಳಿಗೆಯವರೆಗೆ ಎಂಜಿನ್ನಿನ ಸುದ್ದಿಯೇ ತಲುಪುವುದಿಲ್ಲ. ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಥರ್ಮೋಸ್ಟಾಟ್ ಎಂದಾದರೂ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ, ಒಳಗೆ ಹೆಡ್ಡು ಕುದಿಯುತ್ತಿರುವಾಗ ನಿಮ್ಮ ಹೊಸ ಗೇಜು ಐವತ್ತೋ ಅರವತ್ತೋ ಡಿಗ್ರಿ ತೋರಿಸುತ್ತಾ ನಿರಾಳವಾಗಿ ಕೂತಿರುತ್ತದೆ. ಯಾವ ಅಪಾಯದ ಮುನ್ಸೂಚನೆಗಾಗಿ ಗೇಜು ಕೊಂಡಿರೋ ಅದೇ ಅಪಾಯದಲ್ಲಿ ಅದು ಕೈಕೊಡುತ್ತದೆ ಎಂಬ ಕಾರಣಕ್ಕೆ ನಾನು ಮೇಲಿನ ಹೋಸನ್ನು ಒಪ್ಪುವುದಿಲ್ಲ, ಕೆಲಸ ಎಷ್ಟೇ ಸುಲಭವಾಗಿದ್ದರೂ.

ಕೆಳಗಿನ ಹೋಸಿನಲ್ಲಿ ಹರಿಯುವುದು ರೇಡಿಯೇಟರ್ ತಣಿಸಿ ಕಳಿಸಿದ ನೀರು. ರೇಡಿಯೇಟರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಅಳೆಯಲು ಅದು ಒಳ್ಳೆಯ ಸ್ಥಳ. ಫ್ಯಾನ್ ಸ್ವಿಚ್ಚನ್ನು ಹಲವು ಕಾರುಗಳಲ್ಲಿ ರೇಡಿಯೇಟರಿನಲ್ಲೇ ಕೂರಿಸುವುದೂ ಇದೇ ತರ್ಕದ ಮೇಲೆ. ಎಂಜಿನ್ನಿನ ಆರೋಗ್ಯ ತಿಳಿಯಲು ಅದು ತಕ್ಕುದಲ್ಲ. ಎಕ್ಸ್‌ಪಾನ್ಶನ್ ಟ್ಯಾಂಕಿನ ಮಾತಂತೂ ಬೇಡ.

ಹಾಗಾದರೆ ನಿಮ್ಮ ಕಾರಿನಲ್ಲಿ ಎಲ್ಲಿ? ಹೆಡ್ಡಿನಲ್ಲಿ ಅಥವಾ ಥರ್ಮೋಸ್ಟಾಟ್ ಹೌಸಿಂಗಿನ ಎಂಜಿನ್ ಬದಿಯಲ್ಲಿ ಬೋಲ್ಟಿನಂತಹ ಪ್ಲಗ್ ಹಾಕಿ ಮುಚ್ಚಿದ ರಂಧ್ರ ಇದೆಯೇ ಎಂದು ಮೊದಲು ಹುಡುಕಿಸಿ. ಒಂದೇ ಎಂಜಿನ್ನನ್ನು ಬೇರೆ ಬೇರೆ ಮಾದರಿಗಳಲ್ಲಿ ಬಳಸುವ ತಯಾರಕರು ಇಂಥ ರಂಧ್ರಗಳನ್ನು ಬಿಟ್ಟಿರುವುದುಂಟು. ಅದು ನೀರಿನ ರಂಧ್ರವೇ, ಆಯಿಲಿನದಲ್ಲವೇ ಎಂಬುದನ್ನು ಮಾತ್ರ ಸರ್ವಿಸ್ ಮ್ಯಾನ್ಯುಯಲ್ ನೋಡಿ ಖಚಿತಪಡಿಸಿಕೊಳ್ಳಬೇಕು. ಅಂಥದ್ದು ಸಿಗದಿದ್ದರೆ ಹೆಡ್ಡಿನಿಂದ ಹೀಟರಿಗೆ (ಕಾರಿನ ಒಳಭಾಗವನ್ನು ಬೆಚ್ಚಗಾಗಿಸುವ ಸಾಧನಕ್ಕೆ) ಹೋಗುವ ಹೋಸು ಎರಡನೆಯ ಆಯ್ಕೆ. ಥರ್ಮೋಸ್ಟಾಟ್ ಮುಚ್ಚಿರುವಾಗಲೂ ಅದರಲ್ಲಿ ನೀರು ಹರಿಯುತ್ತದೆ. ಆದರೆ ಕೆಲವು ಕಾರುಗಳಲ್ಲಿ ಹೀಟರ್ ನಿಲ್ಲಿಸಿದೊಡನೆ ಒಂದು ವಾಲ್ವು ಆ ಹರಿವನ್ನೇ ಕಡಿದುಬಿಡುತ್ತದೆ. ನಿಮ್ಮದು ಅಂಥದ್ದಾಗಿದ್ದರೆ ಈ ಆಯ್ಕೆಯೂ ಹೋಯಿತು. ಹೀಟರಿನಿಂದ ಮರಳಿ ಬರುವ ಹೋಸನ್ನು ಬಳಸಬೇಡಿ, ಅಲ್ಲಿಯ ನೀರು ಸ್ವಲ್ಪ ಬಿಸಿ ಕಳೆದುಕೊಂಡೇ ಬಂದಿರುತ್ತದೆ. ಹೊಸದಾಗಿ ಹೆಡ್ಡಿಗೇ ರಂಧ್ರ ಕೊರೆಯುವ ಸಾಹಸ ಬೇಡ: ಒಳಗೆ ಬಿದ್ದ ಅಲ್ಯೂಮಿನಿಯಂ ಚೂರುಗಳು ಎಲ್ಲಿಗೆ ಹೋಗಿ ಕೂರುತ್ತವೆಯೋ ಯಾರೂ ಹೇಳಲಾರರು, ಮೇಲಾಗಿ ಗೋಡೆ ಎಲ್ಲಿ ದಪ್ಪವಿದೆ, ಎಲ್ಲಿ ತೆಳ್ಳಗಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ.

ಜಾಗ ಸರಿಯಿದ್ದರೂ ಕೂರಿಸುವ ರೀತಿಯಲ್ಲಿ ಎಡವುವವರನ್ನು ನೋಡಿದ್ದೇನೆ. ಸೆನ್ಸರಿನ ತುದಿ ಹರಿಯುವ ನೀರಿನೊಳಗೆ ಚಾಚಿಕೊಂಡಿರಬೇಕು. ಟಿ ಆಕಾರದ ಜೋಡಣೆ ಹಾಕಿ, ಅದರ ಉದ್ದನೆಯ ಅಡ್ಡ ಕವಲಿನ ಕೊನೆಯಲ್ಲಿ ಸೆನ್ಸರ್ ಸಿಕ್ಕಿಸಿದರೆ ಆ ಕವಲಿನಲ್ಲಿ ನಿಂತ ನೀರಿನ ತಾಪವಷ್ಟೇ ಸಿಗುತ್ತದೆ, ಅದೂ ತಡವಾಗಿ. ಪೈಪಿನ ನೆತ್ತಿಯ ಭಾಗದಲ್ಲಿ ಕೂರಿಸುವುದೂ ಸರಿಯಲ್ಲ, ಗಾಳಿಗುಳ್ಳೆ ಸೇರಿಕೊಳ್ಳುವುದು ಅಲ್ಲೇ. ಪಕ್ಕದಿಂದ ಅಥವಾ ಸ್ವಲ್ಪ ಕೆಳಗಿನಿಂದ ಒಳಹೋದರೆ ತುದಿ ಸದಾ ನೀರಿನಲ್ಲಿ ಮುಳುಗಿರುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನೀರು ಸೋರಿ ಹೋಗಿ ಸೆನ್ಸರಿನ ತುದಿ ಗಾಳಿಯಲ್ಲಿ ನಿಂತರೆ, ಎಂಜಿನ್ ಕೆಂಪಗೆ ಕಾಯುತ್ತಿದ್ದರೂ ಗೇಜಿನ ಮುಳ್ಳು ಕೆಳಗಿಳಿಯಬಹುದು, ಏಕೆಂದರೆ ಗಾಳಿ ಲೋಹದ ಬಿಸಿಯನ್ನು ನೀರಿನಷ್ಟು ಚೆನ್ನಾಗಿ ತಲುಪಿಸುವುದಿಲ್ಲ. ಏರುತ್ತಿದ್ದ ಮುಳ್ಳು ಹಠಾತ್ತನೆ ಇಳಿದರೆ ಸಮಾಧಾನಪಡದೆ ಗಾಡಿ ನಿಲ್ಲಿಸಿ. ಈ ಕೊರತೆ ನೀಗಲೆಂದೇ ಕೆಲವು ಎಂಜಿನ್‌ಗಳಲ್ಲಿ ನೀರಿನ ಬದಲು ಹೆಡ್ಡಿನ ಲೋಹದ ತಾಪವನ್ನೇ ಅಳೆಯುವ ಸೆನ್ಸರ್ ಇರುತ್ತದೆ.

ಇನ್ನು ಇರುವ ಸೆನ್ಸರಿನ ವೈರಿನಿಂದಲೇ ಸಂಪರ್ಕ ಕೊಡುವ ವಿಚಾರ. ನಿಮ್ಮ ಎಂಜಿನ್ನಿನಲ್ಲಿ ಇಸಿಯು (ಇಂಧನ ಮುಂತಾದವನ್ನು ನಿಯಂತ್ರಿಸುವ ಕಂಪ್ಯೂಟರ್) ಇದ್ದರೆ ಖಂಡಿತ ಬೇಡ. ಇಸಿಯುವಿಗೆ ಸಂಬಂಧಿಸಿದ ಸೆನ್ಸರಿನ ಒಳಗಿರುವುದು ಬಿಸಿಯಾದಂತೆ ರೋಧ ಕಡಿಮೆಯಾಗುವ ಥರ್ಮಿಸ್ಟರ್. ಸಾಮಾನ್ಯ ಮಾದರಿಗಳಲ್ಲಿ 20 ಡಿಗ್ರಿಗೆ ಎರಡರಿಂದ ಮೂರು ಸಾವಿರ ಓಮ್ ಇರುವ ರೋಧ 80 ಡಿಗ್ರಿಗೆ ಸುಮಾರು ಮುನ್ನೂರಕ್ಕೆ ಇಳಿದಿರುತ್ತದೆ. ಅದರ ಜೊತೆಗೆ ನಿಮ್ಮ ಗೇಜನ್ನೂ ಸಮಾನಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಇನ್ನೂ ತಗ್ಗಿ, ಎಂಜಿನ್ ಆಗಲೇ ಕಾದಿದೆ ಎಂದು ಇಸಿಯು ತಪ್ಪು ತಿಳಿಯುತ್ತದೆ. ಆಗ ತಣ್ಣನೆಯ ಎಂಜಿನ್ನಿಗೆ ಬೇಕಾದಷ್ಟು ಇಂಧನ ಸಿಗದೆ ಬೆಳಗಿನ ಹೊತ್ತು ಸ್ಟಾರ್ಟ್ ಆಗಲು ಮೊಂಡು ಹಿಡಿಯುತ್ತದೆ. ಕಾರಿನಲ್ಲಿ ಓಬಿಡಿ ಪೋರ್ಟ್ (ದೋಷ ಪತ್ತೆಯ ಉಪಕರಣ ಜೋಡಿಸುವ ಕಿಂಡಿ) ಇದ್ದರೆ ಇಸಿಯು ಓದುತ್ತಿರುವ ತಾಪವನ್ನೇ ಅಲ್ಲಿಂದ ಡಿಗ್ರಿಗಳಲ್ಲಿ ನೋಡಬಹುದು. ಆಗ ಯಾವ ಹೋಸಿಗೂ ಕತ್ತರಿ ಹಾಕಬೇಕಾಗಿಲ್ಲ.

ಪ್ರಶ್ನೆ: ಹೋಸಿನ ಅಡಾಪ್ಟರಿನಲ್ಲಿ ಹಾಕಿಸಿದ ಒಂದೇ ವೈರಿನ ಸೆನ್ಸರ್ ಏನನ್ನೂ ತೋರಿಸುತ್ತಿಲ್ಲ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಪರೀಕ್ಷಿಸಿದಾಗ ಸರಿಯಾಗಿಯೇ ಇತ್ತು. ದೋಷ ಎಲ್ಲಿ?

ಉತ್ತರ: ಬಹುತೇಕ ಅರ್ಥಿಂಗ್ ಇಲ್ಲ. ಒಂದೇ ವೈರಿನ ಸೆನ್ಸರಿಗೆ ಎರಡನೆಯ ಸಂಪರ್ಕವೆಂದರೆ ಅದರ ಲೋಹದ ಮೈ. ಎಂಜಿನ್ ಬ್ಲಾಕಿಗೆ ನೇರವಾಗಿ ತಿರುಗಿಸಿ ಕೂರಿಸಿದಾಗ ಆ ಸಂಪರ್ಕ ತಾನಾಗಿ ದೊರೆಯುತ್ತದೆ. ಎರಡು ಬದಿಗೂ ರಬ್ಬರ್ ಹೋಸಿನ ನಡುವೆ ಸಿಕ್ಕಿದ ಅಡಾಪ್ಟರಿಗೆ ಅದು ಎಲ್ಲಿಂದ ಬರಬೇಕು? ಅಡಾಪ್ಟರಿನ ಮೈಯಿಂದ ಬ್ಲಾಕಿಗೆ, ಬಣ್ಣ ಮತ್ತು ತುಕ್ಕು ಕೆರೆದ ಜಾಗಕ್ಕೆ, ಒಂದು ವೈರನ್ನು ಬಿಗಿದು ನೋಡಿ. ಪ್ಲಾಸ್ಟಿಕ್ ಹೌಸಿಂಗ್ ಇರುವವರಿಗೂ ಇದೇ ತೊಂದರೆ ಬರುತ್ತದೆ. ಅವರು ಎರಡು ವೈರಿನ ಸೆನ್ಸರನ್ನೇ ಬಳಸಬೇಕು. ಥ್ರೆಡ್ಡಿನ ಮೇಲೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿದ್ದರೆ ಅದೂ ಸಂಪರ್ಕವನ್ನು ಕೆಡಿಸಬಹುದು. ಶಂಕುವಿನಾಕಾರದ ಥ್ರೆಡ್ ಬಿಗಿದಂತೆ ತಾನೇ ಸೀಲಾಗುತ್ತದೆ. ಅಗತ್ಯವಿದ್ದರೆ ಲಿಕ್ವಿಡ್ ಸೀಲೆಂಟನ್ನು ತೆಳುವಾಗಿ ಹಚ್ಚಿದರೆ ಸಾಕು. ನೇರ ಥ್ರೆಡ್ಡಿಗೆ ತಾಮ್ರದ ವಾಷರ್ ಬೇಕು. ಒಂದನ್ನು ಇನ್ನೊಂದರ ರಂಧ್ರಕ್ಕೆ ಬಲವಂತವಾಗಿ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ.

ಪ್ರಶ್ನೆ: ಹೊಸ ಗೇಜು 98 ಡಿಗ್ರಿ ತೋರಿಸಿದೊಡನೆ ಭಯವಾಗುತ್ತದೆ. ನೀರು ನೂರಕ್ಕೆ ಕುದಿಯುತ್ತದಲ್ಲವೇ?

ಉತ್ತರ: ತೆರೆದ ಪಾತ್ರೆಯಲ್ಲಿ, ಅದೂ ಸಮುದ್ರಮಟ್ಟದಲ್ಲಿ. ರೇಡಿಯೇಟರಿನ ಮುಚ್ಚಳ ಸುಮಾರು ಒಂದು ಬಾರ್‌ನಷ್ಟು ಒತ್ತಡವನ್ನು ಹಿಡಿದಿಟ್ಟರೆ ಬರಿಯ ನೀರೇ 120 ಡಿಗ್ರಿಯ ಸಮೀಪದವರೆಗೆ ಕುದಿಯುವುದಿಲ್ಲ. ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಬೆರೆತ ಕೂಲೆಂಟ್ ಆಗಿದ್ದರೆ ಇನ್ನೂ ಮೇಲೆ ಹೋಗುತ್ತದೆ. ವಾಹನದಟ್ಟಣೆಯಲ್ಲಿ ಫ್ಯಾನ್ ಚಾಲೂ ಆಗುವವರೆಗೆ 95 ದಾಟುವುದು ಅನೇಕ ಎಂಜಿನ್‌ಗಳಲ್ಲಿ ಸಹಜ. ನೀವು ಗಮನಿಸಬೇಕಾದದ್ದು, ಫ್ಯಾನ್ ತಿರುಗಿದ ಮೇಲೆ ಅಂಕಿ ಕೆಳಗಿಳಿಯುತ್ತದೆಯೇ ಎಂಬುದನ್ನು. ಸೆನ್ಸರ್ ಹಾಕುವಾಗ ಒಳಹೊಕ್ಕ ಗಾಳಿಯನ್ನು ತೆಗೆಯದೆ ಬಿಟ್ಟಿದ್ದರೆ ಅಂಕಿ ಏರಿಳಿದು ಆಟವಾಡುತ್ತದೆ. ಎಂಜಿನ್ ಪೂರ್ತಿ ತಣಿದ ಮೇಲೆ ಮುಚ್ಚಳ ತೆಗೆದು ನೀರಿನ ಮಟ್ಟ ಸರಿಪಡಿಸಿ, ಹೀಟರನ್ನು ಪೂರ್ಣ ಬಿಸಿಗೆ ತಿರುಗಿಸಿ, ಏರ್ ಬ್ಲೀಡ್ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಗುಳ್ಳೆಗಳು ನಿಂತು ನೀರೇ ಬರುವವರೆಗೆ ತುಂಬಿಸಿ. ಬಿಸಿಯಿರುವಾಗ ಮಾತ್ರ ಮುಚ್ಚಳವನ್ನಾಗಲಿ ಸೆನ್ಸರನ್ನಾಗಲಿ ಸಡಿಲಿಸಬೇಡಿ: ಒತ್ತಡ ತಪ್ಪಿದ ಕ್ಷಣದಲ್ಲಿ 110 ಡಿಗ್ರಿಯ ನೀರು ಭುಗಿಲೆಂದು ಆವಿಯಾಗಿ ಮುಖಕ್ಕೇ ಎರಗುತ್ತದೆ.