ಪೂರ್ತಿ ಸಮುದ್ರವೇ ತುಂಬಿರುವ ಗ್ರಹ ಕಥೆಗಳಲ್ಲಿ ಮಾತ್ರವಾ, ನಿಜವಾಗಿಯೂ ಇರಬಹುದಾ?

ಇರಬಹುದು, ಆದರೆ ಸಿನಿಮಾದಲ್ಲಿ ನೋಡಿದ ಹಾಗಲ್ಲ. 2014ರ ‘ಇಂಟರ್‌ಸ್ಟೆಲ್ಲರ್’ ನೋಡಿದ್ದೀರಲ್ವಾ? ಅಲ್ಲಿ ಗಗನಯಾತ್ರಿಗಳು ಮೊಣಕಾಲುದ್ದ ನೀರಲ್ಲಿ ನಡೆಯುತ್ತಾರೆ, ದೂರದಲ್ಲಿ ಬೆಟ್ಟ ಅಂದುಕೊಂಡದ್ದು ನೋಡಿದರೆ ಅಲೆ!

ನಿಜವಾದ ನೀರಿನ ಗ್ರಹದ ಕಷ್ಟವೇ ಆಳ. ನಮ್ಮ ಸಮುದ್ರದಲ್ಲಿ ಅತಿ ಆಳದ ಜಾಗ ಸುಮಾರು 11 ಕಿ.ಮೀ. ಅಂಥ ಗ್ರಹದಲ್ಲಿ ನೀರು ನೂರಾರು ಕಿ.ಮೀ. ಆಳವಿದ್ದರೆ, ಮೇಲಿನ ಭಾರಕ್ಕೇ ತಳದ ನೀರು ಒತ್ತಿಕೊಂಡು ಮಂಜುಗಡ್ಡೆಯಾಗುತ್ತದೆ, ಅದೂ ನಮ್ಮ ಫ್ರಿಜ್ಜಿನ ಐಸಿನಂತೆ ತೇಲುವುದಲ್ಲ, ಬಿಸಿಯಾಗಿದ್ದರೂ ಗಟ್ಟಿಯಾಗಿ ತಳದಲ್ಲೇ ಕೂರುವಂಥದ್ದು. ಆಗ ಬಂಡೆಗೂ ನೀರಿಗೂ ನಡುವೆ ಗೋಡೆ ಕಟ್ಟಿದ ಹಾಗೆ. ಜೀವಕ್ಕೆ ಬೇಕಾದ ರಂಜಕದಂಥವು ಕಲ್ಲಿನಿಂದ ಮೇಲೆ ಬರುವುದೇ ಕಷ್ಟ. ಹಾಗಾಗಿ ನೀರು ಜಾಸ್ತಿ ಇದ್ದ ಮಾತ್ರಕ್ಕೆ ಮೀನು, ತಿಮಿಂಗಿಲ ತುಂಬಿರುತ್ತವೆ ಅಂತ ಸುಮ್ನೆ ಅಂದುಕೊಳ್ಳುವ ಹಾಗಿಲ್ಲ.

ಕಥೆಗಳಲ್ಲಿ ನನಗೆ ತುಂಬಾ ಇಷ್ಟ, ಸ್ಟಾನಿಸ್ಲಾವ್ ಲೆಮ್ ಅವರ 1961ರ ಪೋಲಿಷ್ ಕಾದಂಬರಿ ‘ಸೊಲಾರಿಸ್’. ಅಲ್ಲಿ ಸಮುದ್ರದೊಳಗೆ ಜೀವಿಗಳಲ್ಲ, ಸಮುದ್ರವೇ ಒಂದು ಜೀವಿ. ವಿಜ್ಞಾನಿಯೊಬ್ಬನ ನೆನಪು ಕೆದಕಿ, ಎಂದೋ ಸತ್ತುಹೋದ ಅವನ ಪ್ರೀತಿಯ ಹುಡುಗಿಯನ್ನೇ ಎದುರಿಗೆ ತಂದು ನಿಲ್ಲಿಸುತ್ತದೆ. ಯಾಕೆ ಅಂತ ಕೊನೆವರೆಗೂ ಹೇಳುವುದಿಲ್ಲ. ಅದನ್ನೇ ಮೊದಲು ಓದಿ.