ಚಾರಣದ ಬ್ಯಾಗು 15 ಕೆಜಿ ಆಗುತ್ತಿದೆ, ಹಗುರವಾದ ಹೊಸ ಬ್ಯಾಗು ಕೊಂಡರೆ ಸಾಕೇ?

ಎರಡು ರಾತ್ರಿಯ ಚಾರಣಕ್ಕೆ 15 ಕೆಜಿ ಹೊರುತ್ತಿರುವುದಾಗಿ ಬರೆದಿದ್ದೀರಿ. ಬ್ಯಾಗನ್ನು ಕಟ್ಟಕಡೆಗೆ ಕೊಳ್ಳಿ ಎಂಬುದು ನನ್ನ ಉತ್ತರ. ಒಳಗಿನ ಸಾಮಾನು ಇಳಿದ ಮೇಲಷ್ಟೇ ಎಷ್ಟು ಲೀಟರಿನದು ಬೇಕೆಂದು ತಿಳಿಯುತ್ತದೆ; ಮೊದಲೇ 60 ಲೀಟರಿನದನ್ನು ತಂದಿಟ್ಟುಕೊಂಡರೆ ಖಾಲಿ ಜಾಗಕ್ಕೆಲ್ಲ ಏನಾದರೊಂದನ್ನು ತುರುಕುತ್ತೇವೆ.

ನಾನು ಮೈಸೂರಿನ ಮನೆಯಲ್ಲಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದೊಂದೇ ವಸ್ತುವನ್ನಿಟ್ಟು ತೂಕ ಬರೆದುಕೊಂಡೆ. ಮಲಗಲು ಒಯ್ಯುತ್ತಿದ್ದ ಜಮಖಾನವೇ ಒಂದೂಮುಕ್ಕಾಲು ಕೆಜಿ ಇತ್ತು. ಅದರ ಬದಲಿಗೆ ತಂದ ಫೋಮ್ ಚಾಪೆ 400 ಗ್ರಾಂ. ಲೀಟರಿನ ಸ್ಟೀಲ್ ಬಾಟಲಿ ಖಾಲಿಯಿದ್ದಾಗಲೇ 300 ಗ್ರಾಂ ದಾಟಿತು, ಅಂಗಡಿಯಲ್ಲಿ ನೀರು ತುಂಬಿ ಮಾರುವ ಪ್ಲಾಸ್ಟಿಕ್ ಬಾಟಲಿ 30 ಗ್ರಾಂ ಕೂಡ ಇರಲಿಲ್ಲ. ಜೀನ್ಸ್ ಪ್ಯಾಂಟನ್ನಂತೂ ಬಿಟ್ಟೇ ಬಿಡಿ; ಹತ್ತಿಯ ಬಟ್ಟೆ ನೆನೆದರೆ ನೀರು ಹಿಡಿದಿಟ್ಟುಕೊಂಡು ಮತ್ತಷ್ಟು ಭಾರವಾಗುತ್ತದೆ, ಬೇಗ ಒಣಗುವುದೂ ಇಲ್ಲ.

ನನಗೆ ಹೆಚ್ಚು ಲಾಭವಾದದ್ದು ಊಟದಲ್ಲಿ. ಚಪಾತಿ, ಮೊಸರನ್ನ ಒಯ್ಯುವುದೆಂದರೆ ಅವುಗಳಲ್ಲಿರುವ ನೀರನ್ನೂ ಹೊರುವುದೆಂದೇ ಅರ್ಥ. ನಮ್ಮ ಕಡೆಯವರು ಹುರಿಟ್ಟು ಎನ್ನುವ, ಅರಳಿಸಿದ ರಾಗಿಯ ಹಿಟ್ಟಿಗೆ ಒಲೆಯೇ ಬೇಡ. ಪುಡಿಮಾಡಿದ ಬೆಲ್ಲ ಬೆರೆಸಿ, ತಣ್ಣೀರಿನಲ್ಲಿ ಕಲಸಿ ಲೋಟದಲ್ಲೇ ತಿನ್ನಬಹುದಾದ್ದರಿಂದ ಸ್ಟೌವ್, ಗ್ಯಾಸ್ ಡಬ್ಬಿ, ಪಾತ್ರೆ ಮೂರನ್ನೂ ಮನೆಯಲ್ಲೇ ಬಿಡುತ್ತೇನೆ. ಜೊತೆಗೆ ಹುರಿದ ಕಡಲೆಬೀಜ: 100 ಗ್ರಾಂನಲ್ಲಿ 550ಕ್ಕೂ ಹೆಚ್ಚು ಕ್ಯಾಲರಿ ಸಿಗುತ್ತದೆ. (ಎರಡನೆಯ ದಿನ ಬಿಸಿ ಕಾಫಿಗೆ ಜೀವ ಹಾತೊರೆಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ.)

ಲೀಟರ್ ನೀರೆಂದರೆ ಒಂದು ಕೆಜಿ. ಹಾಗೆಂದು ನೀರಿನಲ್ಲಿ ಜಿಪುಣತನ ಬೇಡ. ದಾರಿಯಲ್ಲಿ ಎಲ್ಲಿ ಸಿಗುತ್ತದೆಂದು ಮೊದಲೇ ವಿಚಾರಿಸಿಕೊಂಡು, ಅಲ್ಲಿಯವರೆಗೆ ಬೇಕಾದಷ್ಟನ್ನು ತುಸು ಧಾರಾಳವಾಗಿಯೇ ಹೊರಿ. ರೇನ್‌ಕೋಟ್, ಟಾರ್ಚ್, ಬೆಚ್ಚನೆಯ ಒಂದು ಬಟ್ಟೆ, ಔಷಧಿಗಳನ್ನೂ ತೂಕ ಇಳಿಸಲೆಂದು ಬಿಟ್ಟು ಹೋಗಬೇಡಿ. ಟೆಂಟನ್ನು ಜೊತೆಗಾರರೊಂದಿಗೆ ಹಂಚಿಕೊಳ್ಳಿ.

ಹೊರಡುವ ಮುಂಚಿನ ಭಾನುವಾರ ತುಂಬಿದ ಬ್ಯಾಗಿನೊಂದಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನೋಡಿ. ನಾನು ನಂದಿಯ ಬಳಿ ಕುಳಿತು ಬ್ಯಾಗು ಬಿಚ್ಚಿದಾಗ, ಮೂರನೆಯ ಜೊತೆ ಬಟ್ಟೆಯೂ ಇಟ್ಟಿಗೆಯಂಥ ಪವರ್ ಬ್ಯಾಂಕೂ ಬರುವುದು ಬೇಡವೆಂದು ಅಲ್ಲಿಯೇ ತೀರ್ಮಾನವಾಯಿತು. ಕೊನೆಗೆ ನೀರೂ ಸೇರಿ 9 ಕೆಜಿಗೆ ಇಳಿಯಿತು. ಆಮೇಲೆ ಕೊಂಡ ಬ್ಯಾಗು 40 ಲೀಟರಿನದು.