ಬೊರೊಡಿನ್ ಕ್ವಾರ್ಟೆಟ್ ಸೆಟ್‌ನಲ್ಲಿ 14, 15 ಯಾಕಿಲ್ಲ?
ರಷ್ಯನ್ ಸಂಗೀತ ರಚನಕಾರ ಶೋಸ್ತಕೋವಿಚ್‌ನ 15 ಕ್ವಾರ್ಟೆಟ್‌ಗಳ (ನಾಲ್ಕು ತಂತಿವಾದ್ಯಗಳಿಗೆ ಬರೆದ ಕೃತಿಗಳ) ಪೈಕಿ ನಿಮಗೆ ಸಿಕ್ಕಿದ್ದು 13 ಮಾತ್ರ ಅಂದರೆ, ಡಿಸ್ಕ್ ಕಳೆದಿಲ್ಲ. ಬಹುಶಃ ಅದು ಬೊರೊಡಿನ್ ಕ್ವಾರ್ಟೆಟ್ ಎಂಬ ರಷ್ಯದ ನಾಲ್ವರ ವಾದ್ಯತಂಡದ ಹಳೇ ತಂಡದ ಸೆಟ್. ಅದರಲ್ಲಿ ಇರುವುದೇ 13. ಹದಿನಾಲ್ಕನೆಯದು ಬಂದದ್ದು 1973ರಲ್ಲಿ, ಹದಿನೈದನೆಯದು 1974ರಲ್ಲಿ. 1976ರಲ್ಲಿ ಹಳೇ ತಂಡದ ಮೊದಲ ವಯಲಿನ್‌ನ ದುಬಿನ್ಸ್ಕಿ ದೇಶವನ್ನೇ ಬಿಟ್ಟು ಹೋದರು, ಅವರ ಜಾಗಕ್ಕೆ ಕೊಪೆಲ್ಮನ್ ಬಂದರು.

ಕವರ್ ನೋಡದೆ ಖಚಿತವಾಗಿ ಹೇಳಲಾರೆ. ಹಿಂಬದಿಯಲ್ಲಿ ಮೊದಲ ವಯಲಿನ್ ಯಾರದು ಅಂತ ನೋಡಿ. ವಿಯೋಲಾದ ಶೆಬಾಲಿನ್, ಚೆಲ್ಲೋದ ಬರ್ಲಿನ್ಸ್ಕಿ ಎರಡೂ ತಂಡಗಳಲ್ಲಿ ಇದ್ದಾರೆ, ಹಾಗಾಗಿ ಆ ಹೆಸರುಗಳಿಂದ ಗೊತ್ತಾಗುವುದಿಲ್ಲ. ದುಬಿನ್ಸ್ಕಿ ಅಂತಿದ್ದರೆ ನಿಮ್ಮ ಸೆಟ್ ಪೂರ್ತಿಯೇ ಇದೆ. ಕೊಪೆಲ್ಮನ್ ಅಂತಿದ್ದು 13 ಮಾತ್ರ ಇದ್ದರೆ ಆಗ ಅಂಗಡಿಯವರನ್ನು ಕೇಳಿ, ಯಾಕೆಂದರೆ ಆ ತಂಡ 15ನ್ನೂ ನುಡಿಸಿದೆ.

ಹಳೇ ಸೆಟ್ ವಾಪಸ್ ಮಾತ್ರ ಕೊಡಬೇಡಿ. ಸುಮ್ನೆ 13ನೆಯದನ್ನು ಹಾಕಿ ಕೇಳಿ. ಒಂದೇ ಉಸಿರಿನ ಕೃತಿ, ನಡುವೆ ಕಮಾನಿನಿಂದ ವಾದ್ಯದ ಮೈಗೇ ಟಕ್ ಟಕ್ ಅಂತ ಬಡಿಯುತ್ತಾರೆ. ನನಗಂತೂ ದುಬಿನ್ಸ್ಕಿ ತಂಡದ ಒರಟುತನವೇ ಜಾಸ್ತಿ ಇಷ್ಟ. ಕೊಪೆಲ್ಮನ್ ತಂಡದ್ದು ನಯ.

ಉಳಿದೆರಡಕ್ಕೆ ಆ್ಯಪ್‌ನಲ್ಲಿ ಹುಡುಕುವಾಗ ತಂಡದ ಹೆಸರಿನ ಜೊತೆ ಕೊಪೆಲ್ಮನ್ ಅಂತ ಸೇರಿಸಿ. ಇಲ್ಲದಿದ್ದರೆ ಎರಡೂ ತಂಡ ಕಲಸಿ ಬರುತ್ತವೆ. ಮೊದಲು 14 ಕೇಳಿ. 15ರಲ್ಲಿ ಆರು ಭಾಗ, ಆರೂ ನಿಧಾನ. ಅದನ್ನು ರಾತ್ರಿಗೆ ಇಟ್ಟುಕೊಳ್ಳಿ.